ಟಿಕೆಟ್ಟಿಗೆ ಮೊದಲು ಗದ್ದ

ಮೆದುಳುಜ್ವರಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟದಂತಾದ ಮೇಲೆ ಗದಗದ ಬಸ್ಸಿನಲ್ಲಿ ಟಿಕೆಟ್ಟಿಗೆ ಮೊದಲು ಗದ್ದ ಕೇಳುತ್ತಾರೆ. “ಗದ್ದ ಎದಿಗೆ ಹಚ್ರಿ,” ಅನ್ನುತ್ತಾಳೆ ಕಂಡಕ್ಟರ್ ನೀಲವ್ವ. ಕುತ್ತಿಗೆ ಸೆಟೆಯುವುದು ಆ ಜ್ವರದ ಗುರುತು; ಬಾಗದವರು ಇಳಿದು, ರೋಗಿಗಳನ್ನು ಒಯ್ಯುವ ಜ್ವರದ ಗಾಡಿಗೆ ಕಾಯಬೇಕು.

ಇವತ್ತು ಹುಬ್ಬಳ್ಳಿಯಲ್ಲಿ ಅಜ್ಜನೊಬ್ಬ ಗೋಗರೆದ: “ದಿಂಬು ಸರಿ ಇರಲಿಲ್ಲವ್ವಾ, ಅದಕ್ಕ ಕುತ್ತಿಗಿ ಹಿಡದೈತಿ.” ನೀಲವ್ವ ಅವನನ್ನು ಇಳಿಸಿ, ಚೀಲವನ್ನು ತಾನೇ ಕೆಳಗಿಟ್ಟಳು.

ಅಣ್ಣಿಗೇರಿ ದಾಟಿದ ಮೇಲೆ, ಬಿದ್ದ ಚಿಲ್ಲರೆ ನೋಡಲು ತಲೆ ತಗ್ಗಿಸಹೋದಳು. ಕುತ್ತಿಗೆ ಬಾಗಲಿಲ್ಲ. ಇನ್ನೊಮ್ಮೆ ಯತ್ನಿಸಿ, ಸೀಟಿ ಊದಿ ಬಸ್ಸು ನಿಲ್ಲಿಸಿದಳು.

“ಯಾರು ಇಳಿಯೋರು?” ಅಂದ ಡ್ರೈವರ್ ಮೌಲಾಸಾಬ.

“ನಾನ. ಕುತ್ತಿಗಿ ಬಗ್ಗವಲ್ದು.”

“ನಿದ್ದಿಗೆಟ್ಟು ಹಿಡದಿರಬೇಕು, ಅಕ್ಕಾ. ಯಾರೂ ನೋಡಿಲ್ಲ, ಕುಂದರ್ರಿ.”

“ಅಜ್ಜನ್ನ ಇಳಿಸಿದಾಕಿ ನಾನ ಅಲ್ಲೇನು?”

ಕೆಳಗಿಳಿದು, ಬಾಗಿಲಿನಿಂದ ದೂರ ನಿಂತು, ದಿನನಿತ್ಯದ ದನಿಯಲ್ಲೇ “ರೈಟ್” ಅಂದಳು.