ಗೌಡರ ಮೀಸೆಯ ಹಸಿರು

ಬೆಳ್ಳುಳ್ಳಿ ಹಾಕಿ ಕೊತ್ತಂಬರಿ ಅರೆಯುವ ವಾಸನೆ ಬಂದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಕೊಣ್ಣೂರಿನ ಗೌಡರ ಕಬ್ಬಿನ ಹೊಲದಲ್ಲಿ ಅವ್ವ ಆಳು. ಅವರ ಮನೆಯೊಳಗೆ ಮೀನು ಬರುವಂತಿರಲಿಲ್ಲ. ಹಾಗಾಗಿ ಗೌಡರು ಹೊಲಕ್ಕೆ ಬಂದು ಅವ್ವನಿಂದ ಸುಡಿಸಿಕೊಂಡು ತಿನ್ನುತ್ತಿದ್ದರು. ಆ ಮಧ್ಯಾಹ್ನ ಹುಣಸೆ, ಖಾರ ಸವರಿದ ತುಂಡುಗಳು ಕೆಂಡದ ಮೇಲೆ ಚುರುಗುಟ್ಟುತ್ತಿದ್ದವು. ಗೌಡರು ಹಸಿರು ಚಟ್ನಿಯಲ್ಲಿ ಅದ್ದಿ ತಿನ್ನುತ್ತ, "ಭಾಳ ಚಲೋ ಆಗೇತಿ, ಇನ್ನೊಂದ ಕೊಡ" ಎಂದರು.

ಅಷ್ಟರಲ್ಲಿ ಬದುವಿನ ಮೇಲೆ ಗೌಡತಿ ಕಾಣಿಸಿದರು. ಗೌಡರು ದಡಕ್ಕನೆ ಎದ್ದು ಒಲೆಯನ್ನು ಒದ್ದರು. ಕೆಂಡ ಅವ್ವನ ಪಾದದ ಮೇಲೆ ಬಿತ್ತು.

"ನನ್ನ ಹೊಲದಾಗ ಮೀನ ಸುಡ್ತಿಯೇನ, ಹೊಲಸ ಜಾತಿಯಾಕಿ?"

ಅವರ ಮೀಸೆಗೆ ಚಟ್ನಿ ಅಂಟಿತ್ತು. ನಾನು ಬೆರಳೆತ್ತಿ "ಗೌಡ್ರ, ಮೀಸಿ..." ಎನ್ನುವಷ್ಟರಲ್ಲಿ ಅವ್ವನ ಅಂಗೈ ನನ್ನ ಬಾಯಿಯನ್ನು ಒತ್ತಿ ಮುಚ್ಚಿತು.

"ತಪ್ಪಾತ್ರಿ. ಈ ಹುಡುಗಿ ಮೀನ ಬೇಕಂತ ಹಟಾ ಮಾಡಿತ್ರಿ" ಎಂದಳು.

ಗೌಡತಿ ಹತ್ತಿರ ಬಂದು, ಸೆರಗಿನಿಂದ ಗಂಡನ ಮೀಸೆ ಒರೆಸಿದರು. ಆಮೇಲೆ ನನ್ನ ಮೇಲೆ ಉಗುಳಿದರು.