ಗೂಟಕ್ಕೆ ನೇತುಹಾಕಿದ ಸೀಟಿ

ಟಿವಿಯಲ್ಲಿ ಇಂಗ್ಲೆಂಡಿನ ಯಾವುದೋ ಹೆಂಗಸರ ಫುಟ್‌ಬಾಲ್ ತಂಡದ ಕೋಚಮ್ಮ ಮೈದಾನದ ಅಂಚಿಗೆ ನಿಂತು ಕೈಬೀಸಿ ಕೂಗುವುದನ್ನು ಕಂಡರೆ ಸಾಕು, ನನ್ನ ಮೂಗಿಗೆ ಹುಣಸೆಬೀಜದ ಗಂಜಿಯ ವಾಸನೆ ಬಡಿಯುತ್ತದೆ.

ಚಳ್ಳಕೆರೆಯ ನಮ್ಮ ಮನೆಯ ಹಿಂದಿನ ಬಯಲಲ್ಲಿ ಅಜ್ಜ ಕಂಬಳಿಯ ಉಣ್ಣೆನೂಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ನೇಯುವ ಮುಂಚೆ ಎಳೆ ಗಟ್ಟಿಯಾಗಲೆಂದು ಆ ಗಂಜಿ ಬಳಿಯುತ್ತಿದ್ದ. ಉಳಿದ ಗೂಟಗಳೇ ನಮ್ಮ ಗೋಲು. ಅಪ್ಪನ ತಂಗಿ, ನನ್ನ ಅತ್ತೆ, ಕೇರಿಯ ಹುಡುಗಿಯರಿಗೆಲ್ಲ ಅಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದಳು. ಒಂದು ದಿನ ಸಂಜೆಯ ಬಸ್ಸಿಗೆ ಅವಳು ಕೋಚ್ ತರಬೇತಿಗೆಂದು ಬಳ್ಳಾರಿಗೆ ಹೊರಡುವವಳಿದ್ದಳು. ಕಾಡಿ ಬೇಡಿ ಅಜ್ಜನನ್ನು ಒಪ್ಪಿಸಿದ್ದಳು. ಚೀಲ ಜಗಲಿಯ ಮೇಲಿತ್ತು. ಹೋಗುವ ಮುಂಚೆ ನಮಗೊಂದು ಹೊಡೆತ ತೋರಿಸಿದಳು. ಚೆಂಡು ಹಸಿ ನೂಲಿನ ಮೇಲೆ ಹೋಗಿ ಬಿತ್ತು. ಎಳೆಗಳು ಪಟಪಟ ಹರಿದವು.

ಅಜ್ಜ ಬೈಯಲಿಲ್ಲ. ಹರಿದ ತುದಿಗಳನ್ನು ಮುಖದ ಹತ್ತಿರ ಹಿಡಿದು ನೋಡಿ, "ನನ್ನ ಕಣ್ಣಿಗೆ ಎಳೆ ಕಾಣಲ್ಲವ್ವ. ನೀನು ಹೋಗು, ಬಸ್ಸಿಗೆ ಹೊತ್ತಾತು," ಎಂದ.

"ಹಸಿ ಇದ್ದಾಗ್ಲೇ ಹೊಸೀಬೇಕಲ್ಲಪ್ಪ, ಒಣಗಿದ್ರೆ ಎಳೆ ಕೂಡಲ್ಲ," ಎಂದು ಅತ್ತೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಳೆಯನ್ನು ಅಂಗೈಯಲ್ಲಿ ಹೊಸೆದು ಸೇರಿಸತೊಡಗಿದಳು. ಬಾಗಿದಾಗಲೆಲ್ಲ ಕೊರಳ ಸೀಟಿ ಗಂಜಿಗೆ ತಾಗುತ್ತಿತ್ತು. ಅದನ್ನು ತೆಗೆದು ಗೂಟಕ್ಕೆ ನೇತುಹಾಕಿ ನಮ್ಮತ್ತ ತಿರುಗಿದಳು. "ಯಾರೂ ಊದಬ್ಯಾಡ್ರೇ. ನಾನೇ ಬಂದು ಊದ್ತೀನಿ, ಆಗ ಶುರು ಮಾಡ್ರಿ."

ರಸ್ತೆಯಲ್ಲಿ ಬಳ್ಳಾರಿ ಬಸ್ಸಿನ ಹಾರನ್ ಕೇಳಿಸಿತು. ಅಜ್ಜ ಅವಳ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಬಸ್ಸು ಹೊರಟುಹೋಯಿತು. ನಾವು ಮಾತ್ರ ಚೆಂಡನ್ನು ನಡುವೆ ಇಟ್ಟುಕೊಂಡು, ಕತ್ತಲಾಗುವ ತನಕ ಸೀಟಿಗಾಗಿ ಕಾಯುತ್ತಾ ನಿಂತಿದ್ದೆವು.