ಗುರುತು ಸಿಗಲ್ಲ

ವೃತ್ತಿನೀತಿಯ ಆನ್‌ಲೈನ್ ಚರ್ಚೆಯಲ್ಲಿ ಅಂದು ಮಂದಾರಳ ಸರದಿ. ಮನಃಶಾಸ್ತ್ರದ ವಿದ್ಯಾರ್ಥಿನಿಯಾದ ಅವಳು, ಸಹಾಯವಾಣಿಯಲ್ಲಿ ತಾನೇ ಮಾತಾಡಿಸಿದ ಹೆಂಗಸೊಬ್ಬಳ ಕಥೆ ಎತ್ತಿಕೊಂಡಳು.

"ಹೆಸರು, ಊರು ಎಲ್ಲ ಬದಲಾಯಿಸಿದೀರಿ ತಾನೇ?" ಪಾಠ ಮಾಡುವ ಮೇಡಂ ಕೇಳಿದರು.

"ಬದಲಾಯಿಸಿದೀನಿ ಮೇಡಂ. ಹೆತ್ತ ತಾಯಿಗೂ ಗುರುತು ಸಿಗಲ್ಲ."

ಎಲ್ಲರೂ ಕಿವಿಗೊಟ್ಟಿದ್ದು ಕಂಡು ಅವಳಿಗೆ ಹುರುಪು ಬಂತು. "ಗಂಡ ಹೊಡೀತಾನೆ. ಅವಳು ಗುಟ್ಟಾಗಿ ಫೋನ್ ಮಾಡ್ತಾಳೆ. ಅವರ ಮನೆ ಕಾಲಿಂಗ್ ಬೆಲ್ ಕೋಗಿಲೆ ಥರ ಕೂಗೋಕೆ ಶುರುಮಾಡಿ, ಗಂಟಲು ಕಟ್ಟಿದಂಗೆ ಅರ್ಧಕ್ಕೇ ನಿಂತುಬಿಡುತ್ತೆ. ಅದು ಕೇಳಿದ ತಕ್ಷಣ, ಗಂಡ ಬಂದ ಅಂತ ಪಾಪ ಫೋನ್ ಇಟ್ಟುಬಿಡ್ತಾಳೆ. ಈಗ ಮಗಳನ್ನ ಕರ್ಕೊಂಡು ಮನೆ ಬಿಡೋಕೆ ಗಟ್ಟಿ ಮನಸ್ಸು ಮಾಡಿದಾಳೆ."

ತರಗತಿಯಲ್ಲಿ ಎಲ್ಲರಿಗಿಂತ ಹಿರಿಯರಾದ, ಮೆದುಮಾತಿನ ವಿರೂಪಾಕ್ಷ ಅಂದು ಮೊದಲ ಸಲ ಮೈಕ್ ಆನ್ ಮಾಡಿದರು.

"ಚೆನ್ನಾಗಿ ಹೇಳಿದ್ರಮ್ಮ. ಮನೆ ಬಿಡೋದು ಯಾವತ್ತಂತೆ?"

"ನಾಡಿದ್ದು ಸರ್," ಎಂದಳು ಮಂದಾರ.

ಆಗ ಅವರ ಮೈಕಿನಲ್ಲಿ ಕೋಗಿಲೆಯ ಕೂಗೊಂದು ಶುರುವಾಗಿ, ಅರ್ಧಕ್ಕೇ ನಿಂತಿತು.